ಬೆಟ್ಟ ಹತ್ತದ ಕಾರು

ಎಂಜಿನ್ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದಿತ್ತು. ಚಕ್ರಗಳಿಗೆ ಮರದ ದಿಮ್ಮಿ ಅಡ್ಡ ಕೊಟ್ಟಿತ್ತು. ಕಾರನ್ನು ನಾಲ್ಕನೇ ಗೇರಿಗೆ ಹಾಕಿ, ಎಂಜಿನ್ನನ್ನು ಸ್ವಲ್ಪ ಏರಿಸಿ, ಕಿಡಿ ಕ್ಲಚ್ಚಿನ ಮೇಲಿದ್ದ ಎಡಗಾಲನ್ನು ಪೂರ್ತಿ ತೆಗೆದಿದ್ದಳು. ಕ್ಲಚ್ ನೆಟ್ಟಗಿರುವ ಗಾಡಿಯಾದರೆ ಆ ಕ್ಷಣವೇ ಒಮ್ಮೆ ಕೊಸರಿ ಬಂದ್ ಬೀಳಬೇಕು. ಇದು ಮಾತ್ರ ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಗುರುಗುಟ್ಟುತ್ತಲೇ ಇತ್ತು. ಸೀಟಿನ ಕೆಳಗಿನಿಂದ ಸುಟ್ಟ ವಾಸನೆ ಮೆಲ್ಲಗೆ ಏರಿತು.

"ಕ್ಲಚ್ ಹೋಗಿದೆ, ಎಂಜಿನ್ನಿನ ಬಲ ಚಕ್ರಕ್ಕೆ ಮುಟ್ಟುತ್ತಿಲ್ಲ," ಎಂದಳು.

"ಅದನ್ನೇ ನಾನೂ ಹೇಳಿದ್ದು ಮೇಡಂ," ಎಂದರು ಬಾಗಿಲ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಗಡಿಯಾರದಂಗಡಿಯವರು. "ನಮ್ಮ ಮನೆ ನೆಲಮಾಳಿಗೆಯ ಇಳಿಜಾರು ಹತ್ತಲ್ಲ. ಎಂಜಿನ್ ಕಿರುಚುತ್ತೆ, ಕಾರು ನಿಂತಲ್ಲೇ ನಿಂತಿರುತ್ತೆ. ತಗೊಂಡು ಒಂದು ವಾರ ಆಯ್ತು ಅಷ್ಟೆ. ಗಾಜಿನ ಮೇಲೆ ನಿಮ್ಮ ಗ್ಯಾರೇಜಿನ ಸ್ಟಿಕ್ಕರ್ ಇತ್ತು, ಅದಕ್ಕೇ ಇಲ್ಲಿಗೆ ತಂದೆ."

ಕಿಡಿ ಎಂಜಿನ್ ಆರಿಸಿದಳು.

ಇಪ್ಪತ್ತೆರಡು ದಿನಗಳ ಹಿಂದೆ ಇದೇ ಕೆಂಪು ಕಾರು, ಅಪ್ಪನಿಂದ ಅಕ್ಕನಿಗೆ ಬಂದ ಈ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು, ಊರಾಚೆಯ ಬೆಟ್ಟದ ತುದಿಯಲ್ಲಿ ನಿಂತಿತ್ತು. ಅಕ್ಕ ಕೆಳಗೆ, ಬಂಡೆಗಳ ನಡುವೆ ಹೆಣವಾಗಿ ಸಿಕ್ಕಿದ್ದಳು. ತಾನೇ ಕಾರು ಓಡಿಸಿಕೊಂಡು ಹೋಗಿ ಹಾರಿಕೊಂಡಿದ್ದಾಳೆ ಎಂದು ಬರೆದು ಇನ್ಸ್‌ಪೆಕ್ಟರು ಫೈಲು ಮುಚ್ಚಿದ್ದರು.

ಓಡಿಸಿಕೊಂಡು ಹೋಗಿ. ನೆಲಮಾಳಿಗೆಯ ಇಳಿಜಾರು ಹತ್ತದ ಕಾರನ್ನು ಹನ್ನೊಂದು ತಿರುವಿನ ಬೆಟ್ಟಕ್ಕೆ ಓಡಿಸಿಕೊಂಡು ಹೋಗಿ.

ಕಿಡಿ ಎಂಬುದು ಅಕ್ಕ ಇಟ್ಟ ಹೆಸರು. ಮಾತೆತ್ತಿದರೆ ಕಿಡಿ ಕಾರುವ ತಂಗಿ ಕಾರು ರಿಪೇರಿಯನ್ನೇ ಕಸುಬು ಮಾಡಿಕೊಂಡಾಗ ಆ ಹೆಸರೂ ಮನೆಯಿಂದ ಗ್ಯಾರೇಜಿಗೆ ಬಂದು ನೆಲೆಸಿತ್ತು. ಇಪ್ಪತ್ತೆರಡು ದಿನಗಳಿಂದ ಆ ಕಿಡಿ ಆರಿರಲಿಲ್ಲ.

"ಚಿಕ್ಕಪ್ಪ, ಸ್ವಲ್ಪ ಹೊತ್ತು ಗ್ಯಾರೇಜು ನೋಡ್ಕೊಳ್ಳಿ," ಎಂದು ಕೂಗಿದಳು. "ಸಾರ್, ನೀವು ಹತ್ತಿ."

"ಎಲ್ಲಿಗೆ?"

"ಬೆಟ್ಟಕ್ಕೆ. ಎಷ್ಟು ದೂರ ಹತ್ತುತ್ತೋ ನೋಡೋಣ."

ಅವಳ ಗುರು, ಪಾಲುದಾರ, ಅಪ್ಪನ ತಮ್ಮ, ಎಲ್ಲವೂ ಆಗಿದ್ದ ಚಿಕ್ಕಪ್ಪ ಟೂಲ್ ಪೆಟ್ಟಿಗೆಯ ಮೇಲೆ ಬಗ್ಗಿದ್ದವರು ತಲೆ ಎತ್ತಲಿಲ್ಲ. ಬೆಳಿಗ್ಗೆ ಕಾರು ಒಳಗೆ ಬಂದಾಗಿನಿಂದಲೂ ಅವರು ಹಾಗೇ ಇದ್ದರು.

ಸಮತಟ್ಟಾದ ರಸ್ತೆಯಲ್ಲಿ ಕಾರು ಮರ್ಯಾದೆಯಿಂದಲೇ ಓಡಿತು. ಆಕ್ಸಿಲರೇಟರನ್ನು ಸ್ವಲ್ಪ ಹೆಚ್ಚು ಒತ್ತಿದರೆ ಸದ್ದು ಏರುತ್ತಿತ್ತು, ವೇಗ ಏರುತ್ತಿರಲಿಲ್ಲ. ಪೆಡಲ್ ತುಂಬಾ ಮೇಲೆ ಬಂದ ಮೇಲಷ್ಟೇ ಕ್ಲಚ್ ಹಿಡಿಯುತ್ತಿತ್ತು. ಕಿಡಿ ಡ್ಯಾಶ್‌ಬೋರ್ಡಿನ ಮೇಲೆ ಫೋನು ನಿಲ್ಲಿಸಿ ವೀಡಿಯೊ ಚಾಲೂ ಮಾಡಿದ್ದಳು.

ಬೆಟ್ಟದ ಮೊದಲ ತಿರುವನ್ನು ಕಾರು ಹೇಗೋ ತೆವಳಿಕೊಂಡು ದಾಟಿತು. ಎರಡನೆಯದರ ಏರಿನಲ್ಲಿ ಎಂಜಿನ್ನಿನ ಮುಳ್ಳು ಐದು ಸಾವಿರಕ್ಕೆ ಜಿಗಿಯಿತು. ವೇಗದ ಮುಳ್ಳು ಹದಿನೈದಕ್ಕೆ ಬಂತು, ಹತ್ತಕ್ಕೆ ಬಂತು, ಬಿದ್ದೇ ಹೋಯಿತು. ಮೊದಲನೇ ಗೇರಿಗೆ ಹಾಕಿದರೂ ಅಷ್ಟೇ. ಬಾನೆಟ್ಟಿನ ಕೆಳಗೆ ಹತ್ತು ಕಾರಿನ ಆರ್ಭಟ. ಚಕ್ರಗಳಿಗೆ ಅದರ ಸುದ್ದಿಯೇ ಇಲ್ಲ. ಕಾರು ನಿಂತು, ಹಿಂದಕ್ಕೆ ಜಾರತೊಡಗಿತು. ಕಿಡಿ ಬ್ರೇಕ್ ಒತ್ತಿದಳು.

"ಇನ್ನೂ ಒಂಬತ್ತು ತಿರುವು ಇದೆ," ಎಂದಳು ಹಲ್ಲು ಕಚ್ಚಿ.

ಗಡಿಯಾರದಂಗಡಿಯವರು ಕಿಟಕಿಯಾಚೆ ನೋಡುತ್ತಿದ್ದರು. "ಇದೆಲ್ಲ ಯಾಕೆ ಬೇಕು ಮೇಡಂ? ಹೊಸ ಕ್ಲಚ್ ಹಾಕಿಕೊಟ್ಟರೆ ಮುಗೀತಲ್ಲ."

ವಾಪಸ್ ಬರುವಾಗ ದಾರಿ ಬದಿಗೆ ಕಾರು ನಿಲ್ಲಿಸಿ ಅವಳು ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದಳು. ವಿಷಯ ಹೇಳಿದಳು. ಆ ಕಡೆಯಿಂದ ಒಂದು ಆಕಳಿಕೆ ಕೇಳಿಸಿತು.

"ನೋಡಮ್ಮ, ನಿನ್ನ ದುಃಖ ನನಗೆ ಅರ್ಥ ಆಗುತ್ತೆ. ಹಳೇ ಕಾರು, ಇವತ್ತು ಹತ್ತಲ್ಲ, ಅವತ್ತು ಹತ್ತಿತ್ತು. ಅವಳು ಕಾರಲ್ಲಿ ಹೊರಟಿದ್ದನ್ನ ಕಣ್ಣಾರೆ ನೋಡಿದ ಗಂಡ ಹೇಳಿಕೆ ಕೊಟ್ಟಿದ್ದಾರೆ."

"ಕಾರಿನ ಕ್ಲಚ್ಚು ಬೇರೆ ಹೇಳಿಕೆ ಕೊಡ್ತಿದೆ ಸಾರ್."

"ಹಾಗಾದ್ರೆ ಅದರ ಕೈಲಿ ಸಹಿ ಹಾಕಿಸ್ಕೊಂಡು ಬಾ," ಎಂದು ಅವರು ಫೋನ್ ಇಟ್ಟರು.

ಕಿಡಿಯ ಮೈ ಉರಿದುಹೋಯಿತು. ಸರಿ, ಸಹಿಯನ್ನೇ ಹಾಕಿಸೋಣ. ಹಳೆಯ ಕ್ಲಚ್ಚಿನಲ್ಲಿ ಕಾರು ಎರಡನೇ ತಿರುವಿನಲ್ಲಿ ನಿಂತಿದ್ದು ವೀಡಿಯೊದಲ್ಲಿದೆ. ಹೊಸದನ್ನು ಹಾಕಿ, ಅದೇ ಕಾರನ್ನು, ಅದೇ ಕೈಯಲ್ಲಿ, ಅದೇ ದಾರಿಯಲ್ಲಿ ತುದಿಯವರೆಗೂ ಹತ್ತಿಸಿ ಅದನ್ನೂ ಹಿಡಿಯುವುದು. ಬಿಚ್ಚಿದ ಭಾಗಗಳನ್ನೆಲ್ಲ ಎತ್ತಿಡುವುದು. ಅಷ್ಟಾದ ಮೇಲೂ ಆಕಳಿಸಲಿ, ನೋಡೋಣ.

ಮಧ್ಯಾಹ್ನದ ಹೊತ್ತಿಗೆ ಕಾರು ಗ್ಯಾರೇಜಿನ ಗುಂಡಿಯ ಮೇಲೆ ನಿಂತಿತ್ತು. ಕೆಳಗಿಳಿದು ಕಿಡಿಯೂ ಚಿಕ್ಕಪ್ಪನೂ ಸೇರಿ ಹಿಂದಿನ ಚಕ್ರಗಳಿಗೆ ತಿರುವು ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದರು. ಕ್ಲಚ್ ಕೇಬಲ್ ಕಳಚಿದರು. ಗೇರ್‌ಬಾಕ್ಸಿನ ಭಾರವನ್ನು ಜಾಕಿನ ಮೇಲೆ ಹೊರಿಸಿ ಹಿಂದಕ್ಕೆಳೆದರು. ಒಳಗಿನಿಂದ ಕಪ್ಪು ಪುಡಿ ಸರ್ರನೆ ಕಿಡಿಯ ತೋಳಿನ ಮೇಲೆ ಸುರಿಯಿತು.

ಮೊದಲು ಅವಳು ಎಣ್ಣೆ ಇದೆಯೇ ಎಂದು ನೋಡಿದಳು. ಸೀಲು ಸೋರಿ ಎಣ್ಣೆ ಬಿದ್ದರೂ ಕ್ಲಚ್ ಜಾರುತ್ತದೆ. ಬೆರಳಾಡಿಸಿದಳು. ಒಣಗಿತ್ತು.

ಆಮೇಲೆ ಆರು ಬೋಲ್ಟುಗಳನ್ನು ಎದುರುಬದುರಾಗಿ ಸಡಿಲಿಸಿ, ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟನ್ನು ಇಳಿಸಿದಳು. ಕ್ಲಚ್ ಪ್ಲೇಟ್ ಅವಳ ಅಂಗೈಗೆ ಜಾರಿ ಬಂತು. ಎರಡೂ ಬದಿಯಲ್ಲಿ ದಪ್ಪಗಿರಬೇಕಾದ, ಉಜ್ಜಿ ಹಿಡಿಯುವ ಲೈನಿಂಗ್ ಕಾಗದದಷ್ಟು ತೆಳ್ಳಗಾಗಿ, ರಿವೆಟ್ಟುಗಳ ತಲೆ ಹೊರಗೆ ಬಂದಿದ್ದವು. ಅವು ಉಜ್ಜಿ ಉಜ್ಜಿ, ಎಂಜಿನ್ನಿನ ಜೊತೆ ತಿರುಗುವ ದಪ್ಪ ಉಕ್ಕಿನ ಫ್ಲೈವ್ಹೀಲಿನಲ್ಲಿ ಉಗುರು ಸಿಕ್ಕುವಷ್ಟು ಆಳದ ಗೀರುಗಳಾಗಿದ್ದವು. ಗೀರಿನ ಒಳಮೈ ಕನ್ನಡಿಯ ಹಾಗೆ ನುಣುಪಾಗಿತ್ತು.

ಇದು ಒಂದು ದಿನದ ಸವೆತವಲ್ಲ. ತಿಂಗಳುಗಟ್ಟಲೆ ಸವೆದಿದೆ.

ಅವಳು ಬಿಚ್ಚಿದ್ದನ್ನೆಲ್ಲ ಫೋಟೊ ತೆಗೆದಳು, ಅಳೆದಳು, ಮೇಜಿನ ಮೇಲೆ ಬಟ್ಟೆ ಹಾಸಿ ಇಟ್ಟಳು. ಕಪಾಟಿನ ಮೇಲಿನ ಹಲಗೆಯಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿದಳು. ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್, ಮೂರೂ ಹೊಸವು. ಇದೇ ಕಾರಿಗೆಂದು ತರಿಸಿದ್ದು. 'ಯಾಕೋ ಕಾರು ಕೂಗಾಡುತ್ತೆ ಕಣೇ, ಓಡಲ್ಲ' ಎಂದು ಅಕ್ಕ ಹೇಳಿದ ವಾರವೇ. ಪೆಟ್ಟಿಗೆ ಬಂದ ಮಾರನೇ ದಿನ ಇಬ್ಬರಿಗೂ ಜಗಳವಾಯಿತು. 'ಆ ಮನುಷ್ಯನನ್ನು ಬಿಟ್ಟು ಬಾ' ಎಂದು ಕಿಡಿ ಹೇಳಿದ್ದಳು. 'ನನ್ನ ಸಂಸಾರದ ವಿಷಯಕ್ಕೆ ಬರಬೇಡ' ಎಂದು ಅಕ್ಕ ಹೇಳಿದ್ದಳು. ಎಂಟು ತಿಂಗಳು ಮಾತಿಲ್ಲ. ಎಂಟು ತಿಂಗಳು ಪೆಟ್ಟಿಗೆ ಅಲ್ಲೇ ಇತ್ತು, ಅಕ್ಕ ಆ ಕಾರನ್ನು ಹಾಗೇ ಓಡಿಸಿದ್ದಳು.

ಕಿಡಿ ಸ್ಪ್ಯಾನರನ್ನು ಗೋಡೆಗೆ ಎಸೆದಳು. ಗೋಡೆಯ ಗಾರೆ ಕಿತ್ತುಬಂತು.

"ಗೋಡೆ ಏನು ಮಾಡಿತ್ತು?" ಎಂದರು ಚಿಕ್ಕಪ್ಪ ಮೆಲ್ಲಗೆ. ಬೆಳಗಿನಿಂದ ಅವರು ಆಡಿದ ಮೊದಲ ಮಾತು ಅದು.

ಗೀರು ಬಿದ್ದ ಫ್ಲೈವ್ಹೀಲಿನ ಜಾಗಕ್ಕೆ ಅಪ್ಪ ಕೂಡಿಟ್ಟಿದ್ದ ಇನ್ನೊಂದನ್ನು ಕೂರಿಸಿದ್ದಾಯಿತು. ಹೊಸ ಪ್ಲೇಟಿನ ನಡುವೆ ಕಡ್ಡಿ ತೂರಿಸಿ ಸೆಂಟರ್ ಮಾಡಿ, ಬೋಲ್ಟುಗಳನ್ನು ಎದುರುಬದುರಾಗಿ ಸುತ್ತು ಸುತ್ತಾಗಿ ಬಿಗಿದಿದ್ದೂ ಆಯಿತು. ಗೇರ್‌ಬಾಕ್ಸನ್ನು ಮತ್ತೆ ಮೇಲೇರಿಸಿ ಬಿಗಿಯುತ್ತಿದ್ದಾಗ ಗುಂಡಿಯ ಅಂಚಿನಲ್ಲಿ ಒಂದು ಜೊತೆ ಪಾಲಿಶ್ ಮಾಡಿದ ಬೂಟು ಬಂದು ನಿಂತವು.

ಆ ಬೂಟು ಯಾರವೆಂದು ಅವಳಿಗೆ ಗೊತ್ತಿತ್ತು. ಸಾವಿನ ಮನೆಯಲ್ಲೂ ಹೀಗೇ ಹೊಳೆಯುತ್ತಿದ್ದವು.

"ಈ ಕಾರನ್ನ ಯಾಕೆ ಬಿಚ್ಚಿದೆ?" ಎಂದ ಭಾವ.

ಕಿಡಿ ಕೈ ಒರೆಸಿಕೊಳ್ಳುತ್ತ ಮೇಲೆ ಬಂದಳು. "ಮಾಲೀಕರು ಹೇಳಿದ್ರು, ಬಿಚ್ಚಿದೆ. ನೀವು ಈಗ ಮಾಲೀಕರಲ್ಲವಲ್ಲ ಭಾವ. ಅಕ್ಕ ಹೋಗಿ ಹದಿನೈದು ದಿನಕ್ಕೇ ಮಾರಿ ಕೈತೊಳ್ಕೊಂಡ್ರಿ. ನಿಮಗೆ ಯಾರು ಹೇಳಿದ್ದು?"

"ನಾನೇ ಫೋನ್ ಮಾಡಿದ್ದೆ," ಎಂದರು ಬೆಂಚಿನಿಂದ ಗಡಿಯಾರದಂಗಡಿಯವರು. "ಇನ್ನೊಂದು ಕೀ ಅವರ ಹತ್ರಾನೇ ಉಳಿದಿತ್ತು. ತಂದುಕೊಡಿ ಅಂದೆ."

ಭಾವ ಕೀಯನ್ನು ಅವರ ಕೈಗಿತ್ತು ಹೊರಡಲು ತಿರುಗಿದ. ಕಿಡಿ ಬಾಗಿಲಿಗೆ ಅಡ್ಡ ನಿಂತಳು.

"ಒಂದು ಪ್ರಶ್ನೆ ಇದೆ. ಅಕ್ಕ ಹೋದ ಹಿಂದಿನ ಸಂಜೆ ಇಬ್ಬರೂ ಇದೇ ಕಾರಲ್ಲಿ ಬೆಟ್ಟ ಹತ್ತಿದ್ವಿ, ಕಾರು ಚೆನ್ನಾಗಿತ್ತು ಅಂತ ಹೇಳಿಕೆಯಲ್ಲಿ ಬರೆಸಿದ್ದೀರಿ. ಯಾವ ಗೇರಲ್ಲಿ ಹತ್ತಿದ್ರಿ?"

"ಇದೆಂಥ ಪ್ರಶ್ನೆ?"

"ಸುಲಭದ ಪ್ರಶ್ನೆ."

"ಎರಡನೇದು ಇರಬೇಕು. ಮೂರು. ನೆನಪಿಲ್ಲ."

"ಕ್ಲಚ್ ಜಾರ್ತಿತ್ತಾ?"

"ಇಲ್ಲ. ನೆಟ್ಟಗಿತ್ತು."

ಅವಳು ಮೇಜಿನ ಮೇಲಿನ ಹಳೆಯ ಪ್ಲೇಟನ್ನು ತಂದು ಅವನ ಮೂಗಿನ ಮುಂದೆ ಹಿಡಿದಳು. ಬಿಳಿ ಅಂಗಿಗೆ ತಾಕೀತೆಂದು ಅವನು ಒಂದು ಹೆಜ್ಜೆ ಹಿಂದೆ ಸರಿದ.

"ನೀವು ಹಲ್ಲಿನ ಡಾಕ್ಟ್ರು. ನಿಮಗೆ ಅರ್ಥ ಆಗೋ ಹಾಗೇ ಹೇಳ್ತೀನಿ. ಇದು ಬೇರು ಕಾಣೋವರೆಗೂ ಸವೆದ ಹಲ್ಲು. ಒಂದು ದಿನದಲ್ಲಿ ಹಲ್ಲು ಹೀಗೆ ಸವೆಯುತ್ತಾ ಭಾವ?"

"ಪೊಲೀಸರು ಓಡಿಸಿದ್ರು, ಇವರು ಓಡಿಸಿದ್ರು. ಯಾರು ಹಾಳು ಮಾಡಿದ್ರೋ ನನಗೇನು ಗೊತ್ತು?"

"ಕಾರು ಸಿಕ್ಕ ದಿನ ಪೊಲೀಸರು ಮೀಟರ್ ಬರ್ಕೊಂಡಿದ್ದಾರೆ. ಇವತ್ತು ಬೆಳಿಗ್ಗೆ ನಾನೂ ನೋಡ್ದೆ. ಮಧ್ಯೆ ಓಡಿರೋದು ಮೂವತ್ತೊಂದು ಕಿಲೋಮೀಟರ್, ಅದೂ ಇಳಿಜಾರು, ಸಪಾಟು ರಸ್ತೆ. ಅಷ್ಟರಲ್ಲಿ ಹಾಳಾಗಿದ್ರೆ ಸುಟ್ಟು ಕರಕಲಾಗಿರಬೇಕು. ಇದು ಸುಟ್ಟಿಲ್ಲ, ಸವೆದಿದೆ. ಅವತ್ತು ಈ ಕಾರು ಬೆಟ್ಟ ಹತ್ತಿಲ್ಲ. ಹಿಂದಿನ ದಿನಾನೂ ಹತ್ತಿಲ್ಲ. ನೀವು ಇದರೊಳಗೆ ಕೂತು ಎಷ್ಟು ದಿನ ಆಗಿದೆ ಹೇಳಿ."

ಭಾವ ಬಾಗಿಲಿನತ್ತ ನೋಡಿದ.

"ಎಂಟೂವರೆಗೆ ಕಣ್ಣೆದುರೇ ಹೊರಟಳು ಅಂದ್ರಿ. ನೀಲಿ ಸೀರೆ ಅಂದ್ರಿ. ತಿರುಗಿ ಕೂಡ ನೋಡಲಿಲ್ಲ ಅಂತ ಅತ್ರಿ." ಕಿಡಿಯ ದನಿ ಏರಲಿಲ್ಲ, ಗಟ್ಟಿಯಾಯಿತು. "ನಿಜ ಹೇಳು. ಎಲ್ಲಿದ್ದೆ ನೀನು?"

ಹದಿಮೂರು ವರ್ಷ 'ನೀವು' ಎಂದ ಬಾಯಿಯಿಂದ 'ನೀನು' ಬಂದಿತ್ತು. ಭಾವ ಕಪಾಳಕ್ಕೆ ಹೊಡೆಸಿಕೊಂಡವನ ಹಾಗೆ ಅವಳನ್ನು ನೋಡಿದ. ಆಮೇಲೆ ಟೈರುಗಳ ಮೇಲೆ, ಬಿಳಿ ಅಂಗಿಯ ಯೋಚನೆಯೂ ಇಲ್ಲದೆ, ಕುಸಿದು ಕುಳಿತ.

"ಮನೇಲಿರಲಿಲ್ಲ."

"ಮತ್ತೆ?"

"ಒಬ್ಬರ ಮನೇಲಿದ್ದೆ. ಹಿಂದಿನ ಸಂಜೆಯಿಂದ."

"ಒಬ್ಬಳ ಮನೇಲಿ ಅನ್ನು."

"ಮಧ್ಯಾಹ್ನ ಬಂದಾಗ ಅವಳೂ ಇಲ್ಲ, ಕಾರೂ ಇಲ್ಲ. ಎಷ್ಟು ಹೊತ್ತಿಗೆ ಹೊರಟ್ರು ಅಂತ ಇನ್ಸ್‌ಪೆಕ್ಟರು ಕೇಳಿದ್ರು. ನನಗೆ ಗೊತ್ತಿಲ್ಲ ಅಂದ್ರೆ ನಾನೆಲ್ಲಿದ್ದೆ ಅಂತ ಕೇಳ್ತಾರಲ್ಲ. ಬಾಯಿಗೆ ಬಂದಿದ್ದು ಹೇಳ್ದೆ. ಸೀರೆ ಬಣ್ಣ ಅವಳ ದೇಹ ನೋಡಿದಾಗ ಗೊತ್ತಾಗಿತ್ತು. ಆದರೆ ನಾನು ಅವಳಿಗೆ ಏನೂ ಮಾಡಿಲ್ಲ ಕಿಡಿ. ಆಣೆಗೂ ಮಾಡಿಲ್ಲ."

"ನೀನು ಏನೂ ಮಾಡದೇನೇ ಇಷ್ಟು ಮಾಡಿದೀಯ. ನಿನ್ನ ಮಾನ ಉಳಿಸ್ಕೊಳ್ಳೋಕೆ ನನ್ನ ಅಕ್ಕನಿಗೆ ತಲೆ ಕೆಟ್ಟವಳು ಅನ್ನೋ ಪಟ್ಟ ಕಟ್ಟಿಸಿದೆ. ಅವಳನ್ನ ಯಾರಾದ್ರೂ ತಳ್ಳಿದ್ರಾ ಅಂತ ಯಾರೂ ಕೇಳಲೇ ಇಲ್ಲ, ಯಾಕಂದ್ರೆ ಗಂಡ ಕಣ್ಣಾರೆ ನೋಡಿದ್ದ." ಪ್ಲೇಟನ್ನು ಮೇಜಿನ ಮೇಲೆ ಕುಕ್ಕಿದಳು. "ಇನ್ನೊಂದು ಗಂಟೆ ಇಲ್ಲೇ ಇರು. ಕೆಲಸ ಮುಗಿಸಿ ಇಬ್ಬರೂ ಸ್ಟೇಷನ್ನಿಗೆ ಹೋಗ್ತೀವಿ. ಈಗ ಹೇಳಿದ್ದನ್ನ ಅಲ್ಲಿ ಹೇಳ್ತೀಯ. ನನ್ನ ಕಣ್ಣಿಗೆ ಮಾತ್ರ ಬೀಳಬೇಡ, ಅಂಗಳದಲ್ಲಿ ನಿಂತಿರು."

ಭಾವ ಎದ್ದು ಹೊರಗೆ ಹೋದ. ಕೇಳಬಾರದ್ದನ್ನು ಕೇಳಿಸಿಕೊಂಡವರ ಮುಜುಗರದಲ್ಲಿ ಗಡಿಯಾರದಂಗಡಿಯವರೂ ಕೆಮ್ಮುತ್ತ, ಬಲಗಾಲು ಎಳೆಯುತ್ತ ಹೊರಗೆದ್ದು ಹೋದರು.

ಕೊನೆಯ ಬೋಲ್ಟು ಬಿಗಿದು, ಕೇಬಲ್ ಹೊಂದಿಸಿ, ಕಿಡಿ ಬೆಳಗಿನ ಪರೀಕ್ಷೆಯನ್ನೇ ಮತ್ತೆ ಮಾಡಿದಳು. ಹ್ಯಾಂಡ್‌ಬ್ರೇಕ್, ನಾಲ್ಕನೇ ಗೇರ್, ಕ್ಲಚ್ಚಿನಿಂದ ಕಾಲು ತೆಗೆದಳು. ಎಂಜಿನ್ ಒಮ್ಮೆ ಕೊಸರಿ ಬಂದ್ ಬಿತ್ತು. ಬೇರೆ ದಿನವಾಗಿದ್ದರೆ ಆ ಕೊಸರು ಅವಳಿಗೆ ಖುಷಿ ಕೊಡುತ್ತಿತ್ತು. ಕಾರನ್ನು ಅಂಗಳಕ್ಕೆ ತಂದು ಗೇಟಿನತ್ತ ಮುಖ ಮಾಡಿ ನಿಲ್ಲಿಸಿ ಒಳಗೆ ಬಂದಳು.

ಇನ್ನು ಒಂದೇ ಗಂಟು. ತಾನಾಗಿ ಹತ್ತದ ಕಾರು ಮೇಲೆ ಹೋಗಿದ್ದು ಹೇಗೆ? ಯಾರೋ ಹೊತ್ತೊಯ್ದಿರಬೇಕು. ನೆಲಕ್ಕೆ ಅಂಟಿದಂತಿರುವ ಇಂಥ ಕಾರನ್ನು ಗೀರು ಬೀಳದ ಹಾಗೆ ಏರಿಸಬಲ್ಲ ಲಾರಿ ಊರಲ್ಲಿ ಎರಡೇ. ಊಟದ ಹೊತ್ತಿನಲ್ಲಿ ಅವಳು ಆ ಇಬ್ಬರು ಲಾರಿಯವರಿಗೂ ಫೋನ್ ಮಾಡಿದ್ದಳು. ಒಬ್ಬನ ಲಾರಿ ಎರಡು ತಿಂಗಳಿಂದ ಕೆಟ್ಟು ನಿಂತಿತ್ತು. ಇನ್ನೊಬ್ಬ ಫೋನ್ ಎತ್ತಿರಲಿಲ್ಲ.

ಐದು ಗಂಟೆಗೆ ಅವನೇ ಬಂದ. ಲಾರಿಯನ್ನು ರಸ್ತೆಯಲ್ಲಿ ಬಿಟ್ಟು, ಹೆಗಲ ಟವೆಲಿನಿಂದ ಮುಖ ಒರೆಸುತ್ತ ಒಳಗೆ ಬಂದ.

"ಏನಕ್ಕ, ನಾಲ್ಕು ಸಲ ಫೋನ್ ಮಾಡಿದ್ರಿ. ಮೂರು ವಾರ ಊರಲ್ಲಿರಲಿಲ್ಲ, ದೂರದ ಲೋಡಿತ್ತು. ಇವತ್ತೇ ಬಂದೆ." ಕಿಟಕಿಯಾಚೆ ಕೆಂಪು ಕಾರನ್ನು ಕಂಡು ಅವನ ಮುಖ ಅರಳಿತು. "ಓ, ಇಲ್ಲಿಗೇ ಬಂತಾ? ಹೊರಡೋ ಹಿಂದಿನ ದಿನ ಇದನ್ನ ನಾನೇ ಬೆಟ್ಟಕ್ಕೆ ಬಿಟ್ಟಿದ್ದು. ಮೇಡಂ ಮಾರಿದ್ರಾ?"

ಕಿಡಿ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟಳು. "ಯಾವ ಮೇಡಂ?"

"ಕಾರಿನವರು. ನೀಲಿ ಸೀರೆ. ಯಾರೋ ಹನ್ನೆರಡು ಗಂಟೆಗೆ ಕಾರು ನೋಡೋಕೆ ಬರ್ತಾರೆ, ಮೇಲೆ ತಂದಿಡಿ ಅಂತ ಹೇಳಿದ್ದಾರೆ, ಇದು ಹತ್ತಲ್ಲ, ಹೊತ್ಕೊಂಡು ಹೋಗಪ್ಪ ಅಂದ್ರು. ನನ್ನ ಪಕ್ಕದಲ್ಲೇ ಕೂತು ಬಂದ್ರು. ಪಾಪ, ಒಳ್ಳೆಯವರು."

"ಮೇಲೆ ಅವರೊಬ್ಬರನ್ನೇ ಬಿಟ್ಟು ಬಂದ್ಯಾ?"

"ಇಲ್ಲಪ್ಪ. ಇನ್ನೂ ಟೈಮಿದೆ, ನನ್ನ ತಂಗಿ ಹತ್ರ ಹೋಗಬೇಕು, ಅಪ್ಪನ ಕಾರು, ಅವಳನ್ನ ಒಂದು ಮಾತು ಕೇಳದೆ ಮಾರಲ್ಲ ಅಂದ್ರು. ನನ್ನ ಜೊತೆನೇ ವಾಪಸ್ ಇಳಿದ್ರು. ಇಲ್ಲೇ, ನಿಮ್ಮ ಗೇಟಲ್ಲೇ ಇಳಿಸಿದ್ದು. ಹತ್ತೂವರೆ ಇರಬೇಕು. ನೀವಿರಲಿಲ್ಲ." ಅವನು ಗಲ್ಲವೆತ್ತಿ ಅವಳ ಹಿಂದಕ್ಕೆ ತೋರಿಸಿದ. "ಇವರೇ ಬಂದು ಗೇಟು ತೆಗೆದಿದ್ದು."

ಕಿಡಿ ತಿರುಗಿದಳು.

ಆ ದಿನ ಅವಳು ಬಿಡಿಭಾಗಗಳ ಪೇಟೆಗೆ ಹೋಗಿ ಎರಡು ಗಂಟೆಗೆ ಬಂದಿದ್ದಳು. 'ಯಾರಾದ್ರೂ ಬಂದಿದ್ರಾ?' ಎಂದು ಕೇಳಿದ್ದಳು. 'ಯಾರೂ ಇಲ್ಲ' ಎಂದಿದ್ದರು ಚಿಕ್ಕಪ್ಪ. ಪೊಲೀಸರಿಗೂ ಅದನ್ನೇ ಹೇಳಿದ್ದರು.

ಚಿಕ್ಕಪ್ಪ ಕಪಾಟಿಗೆ ಒರಗಿ ನಿಂತಿದ್ದರು. ಮೂವತ್ತು ವರ್ಷ ಎಂಜಿನ್ ಎತ್ತಿದ ತೋಳುಗಳು ಜೋತುಬಿದ್ದಿದ್ದವು.

"ನೀವೂನಾ ಚಿಕ್ಕಪ್ಪ?" ಎಂದಳು. ಅದು ಪ್ರಶ್ನೆಯಂತೆ ಕೇಳಿಸಲಿಲ್ಲ. "ಇಪ್ಪತ್ತೆರಡು ದಿನ. ನಾನು ಊಟ ಬಿಟ್ಟೆ, ನಿದ್ದೆ ಬಿಟ್ಟೆ. ಎದುರಿಗೇ ಕೂತು ನೋಡಿದ್ರಿ."

"ಒಂದು ಗಂಟೆ ಕಾದಳು ನಿನಗೋಸ್ಕರ," ಎಂದರು ಚಿಕ್ಕಪ್ಪ. "ಪೇಟೆಯಲ್ಲಿ ನಿನ್ನ ಫೋನ್ ಸಿಗಲಿಲ್ಲ. ಹೊತ್ತಾಗುತ್ತೆ, ಮೇಲೆ ಬಿಡಿ ಚಿಕ್ಕಪ್ಪ ಅಂದಳು. ನಾನೇ ಸ್ಕೂಟರಲ್ಲಿ ಕರ್ಕೊಂಡು ಹೋಗಿ ಬಿಟ್ಟೆ. ಸಂಜೆ ಸುದ್ದಿ ಬಂತು. ಹಾರಿಕೊಂಡಳು ಅಂದ್ರು. ಹಾರೋ ಜಾಗಕ್ಕೆ ನಾನೇ ಕೈಯಾರೆ ಬಿಟ್ಟು ಬಂದೆ ಅಂತ ನಿನ್ನ ಮುಂದೆ ಹೇಳೋಕೆ ಬಾಯಿ ಬರಲಿಲ್ಲ ಮಗಳೇ."

"ಮೇಲೆ ಯಾರಿದ್ರು?"

"ಒಬ್ಬರು ಕಾರಿನ ಸುತ್ತ ಓಡಾಡ್ತಿದ್ರು. ದೂರದಿಂದ ನೋಡಿದ್ದು. ಮುಖ ನೆಟ್ಟಗೆ ಕಾಣಲಿಲ್ಲ. ಬಲಗಾಲು ಎಳೆದು ಹಾಕೋ ನಡಿಗೆ ಮಾತ್ರ ಕಂಡಿತ್ತು." ಚಿಕ್ಕಪ್ಪ ಅಂಗಳದ ಕಡೆ ಕಣ್ಣು ಹಾಯಿಸಿದರು. "ಇವತ್ತು ಬೆಳಿಗ್ಗೆ ಆ ನಡಿಗೆ ನಮ್ಮ ಗೇಟಿನೊಳಗೆ ಬಂತು."

ಅವತ್ತು ಕಾರು ನೋಡಲು ಬೆಟ್ಟಕ್ಕೆ ಬಂದವರೇ ಈಗ ಅದರ ಮಾಲೀಕರು ಎಂಬುದು ಕಿಡಿಯ ತಲೆಗೆ ಇಳಿಯಲು ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು. ಅಷ್ಟರಲ್ಲಿ ಅಂಗಳದಲ್ಲಿ ಎಂಜಿನ್ ಚಾಲೂ ಆಯಿತು.

ಅವಳು ಹೊರಗೆ ಓಡಿದಳು. ಕೆಂಪು ಕಾರು ಗೇಟು ದಾಟಿ, ಊರಿನ ಕಡೆಗಲ್ಲ, ಬೆಟ್ಟದ ಕಡೆಗೆ ತಿರುಗಿಕೊಂಡಿತ್ತು. ಸ್ಟೀರಿಂಗಿನ ಹಿಂದೆ ಗಡಿಯಾರದಂಗಡಿಯವರು ಇದ್ದರು.

ಪಕ್ಕದ ಸೀಟಿನಲ್ಲಿ ಭಾವ ಇದ್ದ. ಸುಳ್ಳು ಸಿಕ್ಕಿಬಿದ್ದ ಗಂಡನೂ ಅದೇ ಬೆಟ್ಟದಿಂದ ಹಾರಿಕೊಂಡ ಎಂದಾದರೆ ಫೈಲು ಇನ್ನೊಮ್ಮೆ ಮುಚ್ಚುತ್ತಿತ್ತು. ಅವನು ಕಿಟಕಿಯ ಗಾಜಿಗೆ ಎರಡೂ ಅಂಗೈ ಒತ್ತಿ, ಕಿಡಿಯನ್ನೇ ನೋಡುತ್ತ, ಏನೋ ಕೂಗುತ್ತಿದ್ದ.